ಬಸಿರು, ಚೀಲ, ಬಾಯಿ: ಸಡಾದ ಕನ್ನಡದಲ್ಲಿ ಹೆಣ್ಣಿನ ಒಡಲಿನ ಹೆಸರುಗಳು

ಗೋವೆಯ ಮುರಗಾಂವ ಬಂದರದ ನೆತ್ತಿಯ ಮೇಲಿರುವ ದಿಬ್ಬವೇ ಸಡಾ. ಕೊಂಕಣಿ, ಮರಾಠಿಗಳಲ್ಲಿ ಸಡಾ ಎಂದರೆ ಜಂಬಿಟ್ಟಿಗೆಯ ಬೋಳು ಬಯಲು. 1961ರಲ್ಲಿ ಗೋವೆಯ ವಿಮೋಚನೆಯಾದ ಬಳಿಕ ಬಂದರದ ಕೆಲಸ, ಕಟ್ಟಡದ ಕೆಲಸ ಹುಡುಕಿಕೊಂಡು ಬಿಜಾಪುರ, ಬಾಗಲಕೋಟೆ, ಗದಗ, ರಾಯಚೂರು ಕಡೆಯ ಕುಟುಂಬಗಳು ವಾಸ್ಕೋದ ಸುತ್ತ ನೆಲೆಸಿದವು. ಇಂಥ ವಲಸೆಗನ್ನಡವನ್ನು ಅಭ್ಯಾಸ ಮಾಡುವಾಗ ನಾವು ಸಂಬಂಧವಾಚಕಗಳನ್ನು ಕೇಳುತ್ತೇವೆ, ಕ್ರಿಯಾಪದದ ಪ್ರತ್ಯಯಗಳನ್ನು ಬರೆದುಕೊಳ್ಳುತ್ತೇವೆ. ಹೆಣ್ಣಿನ ಅಂಗಗಳಿಗೆ ಏನೆನ್ನುತ್ತೀರಿ ಎಂದು ಕೇಳುವವರು ಕಡಿಮೆ. ನಾನೂ ಕೇಳಿದವನಲ್ಲ, ಪ್ರಸಂಗ ತಾನಾಗಿ ಬಂತು.

ಹೆಂಗಸರ ಆರೋಗ್ಯ ಶಿಬಿರವೊಂದಕ್ಕೆ ಇಂಗ್ಲಿಷಿನ ಒಂದು ಹಾಳೆಯನ್ನು ಕನ್ನಡಕ್ಕೆ ತಿರುಗಿಸಿಕೊಡಿರೆಂದು ನನ್ನನ್ನು ಕೇಳಿದರು. ಸಂಸ್ಕೃತ ಓದಿಸಿದವನಿಗೆ ಇದೇನು ದೊಡ್ಡದು ಎಂದುಕೊಂಡು ‘ಗರ್ಭಾಶಯ ಗ್ರೀವಾ’, ‘ಯೋನಿಸ್ರಾವ’ ಎಂದೆಲ್ಲ ಬರೆದುಕೊಟ್ಟೆ. ಓದಿ ಹೇಳಿದಾಗ ಯಾರ ಮುಖದಲ್ಲೂ ತಿಳಿವಿನ ಕಳೆ ಇಲ್ಲ. ಗ್ರೀವಾ ಎಂದರೆ ಕೊರಳು ಎಂದು ಬಿಡಿಸಿ ಹೇಳಿದೆ. ಒಬ್ಬ ತಾಯಿ ತನ್ನ ಕುತ್ತಿಗೆ ಮುಟ್ಟಿಕೊಂಡು, “ಅಜ್ಜಾರ, ನನಗ ಕೊಳ್ಳಾಗ ಏನೂ ತ್ರಾಸ ಇಲ್ರಿ” ಎಂದಳು. ಉಳಿದವರು ನಕ್ಕರು. ನಕ್ಕವರಲ್ಲೇ ವಯಸ್ಸಾದ ಒಬ್ಬಾಕೆ, “ಅವರು ಗರ್ಭದ ಬಾಯಿ ಬಗ್ಗಿ ಹೇಳಾಕತ್ತಾರವಾ” ಎಂದು ನನ್ನ ಇಡೀ ಹಾಳೆಯನ್ನು ಒಂದು ಮಾತಿನಲ್ಲಿ ತಿದ್ದಿದಳು.

ಮನೆಗೆ ಬಂದು ಸುಶ್ರುತವನ್ನು ತೆಗೆದು ನೋಡಿದೆ. ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಯೋನಿಯನ್ನು ಶಂಖದ ನಾಭಿಗೆ ಹೋಲಿಸಿ, ಅದಕ್ಕೆ ಮೂರು ಸುತ್ತುಗಳನ್ನು ಹೇಳಿ, ಮೂರನೆಯ ಸುತ್ತಿನಲ್ಲಿ ಗರ್ಭಶಯ್ಯೆ ಇದೆ ಎಂದಿದೆ. ಗರ್ಭಶಯ್ಯೆಯ ಆಕಾರಕ್ಕೆ ಕೊಟ್ಟ ಉಪಮಾನ ರೋಹಿತ ಮತ್ಸ್ಯದ ಮುಖ. ಮೀನಿನ ಬಾಯಿ! ಸಡಾದ ಮುದುಕಿಯ ಮಾತಿಗೂ ಸುಶ್ರುತನ ಉಪಮಾನಕ್ಕೂ ನಡುವೆ ಕೊರಳು ಎಲ್ಲಿಯೂ ಇಲ್ಲ. ಕೊರಳು ಬಂದದ್ದು ಲ್ಯಾಟಿನ್ನಿನ ‘ಸರ್ವಿಕ್ಸ್’ ಶಬ್ದದಿಂದ. ಅಲ್ಲಿ ಅದಕ್ಕೆ ಕತ್ತು ಎಂದೇ ಅರ್ಥ. ನಾವು ಗ್ರೀವಾ ಎಂದರೂ ಗರ್ಭಕೊರಳು ಎಂದರೂ ಆ ಲ್ಯಾಟಿನ್ನನ್ನೇ ತಿರುಗಿಸಿದ್ದೇವೆ ಹೊರತು ನಮ್ಮ ವೈದ್ಯಶಾಸ್ತ್ರವನ್ನಲ್ಲ. ಲ್ಯಾಟಿನ್ನಿನವರು ಕತ್ತು ಬೇರೆ, ಅದರ ತುದಿಯ ಬಾಯಿ ಬೇರೆ ಎಂದು ವಿಂಗಡಿಸಿದ್ದಾರೆ, ವೈದ್ಯರಿಗೆ ಆ ವಿಂಗಡಣೆ ಬೇಕು ಎಂಬುದು ನಿಜ. ಆದರೆ ರೋಗಿಗೆ ಮೊದಲು ತಿಳಿಯಬೇಕಾದ್ದು ಎಲ್ಲಿ ಎಂಬುದು.

ಈಗ ಬಸಿರಿನ ವಿಚಾರ. ಹಳಗನ್ನಡದಲ್ಲಿ ಬಸಿಱ್ ಎಂದರೆ ಹೊಟ್ಟೆ, ಗಂಡಸಿನದೂ ಸರಿ, ದೇವರದೂ ಸರಿ. ತಮಿಳಿನ ‘ವಯಿಱು’ ಇದರ ಒಡಹುಟ್ಟು. ಪೆಸರ್ ಎಂಬುದಕ್ಕೆ ಪೆಯರ್, ಉಸಿರ್ ಎಂಬುದಕ್ಕೆ ಉಯಿರ್ ಇರುವಂತೆ. ತಮಿಳಿನಲ್ಲಿ ವಯಿಱು ಇಂದಿಗೂ ಊಟ ಮಾಡುವ ಹೊಟ್ಟೆ. ಕನ್ನಡದಲ್ಲಿ ಮಾತ್ರ ಅದು ಹೊಟ್ಟೆಯಿಂದ ಗರ್ಭಕ್ಕೆ, ಗರ್ಭದಿಂದ ಗರ್ಭವತಿಯ ಸ್ಥಿತಿಗೆ ಸರಿಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕೋಶದಲ್ಲಿ ಹಳೆಯ ಅರ್ಥ, ಹೊಸ ಅರ್ಥ ಎರಡೂ ಇವೆ. ಇಂದಿನ ಮಾತಿನಲ್ಲಿ ಹಳೆಯದು ಸತ್ತಿದೆ. ‘ಅವಗ ಬಸರು ನೋಯ್ತೈತಿ’ ಎಂದು ಗಂಡಸಿಗೆ ಯಾರೂ ಹೇಳರು. ತೆರವಾದ ಜಾಗಕ್ಕೆ ಹೊಟ್ಟೆ ಬಂತು. ವಿಚಿತ್ರವೆಂದರೆ ಹೊಟ್ಟೆಯೂ ಈಗ ಅದೇ ದಾರಿ ಹಿಡಿದಿದೆ: ಸಡಾದಲ್ಲಿ ಬಸುರಿ ಎನ್ನುವುದಕ್ಕಿಂತ ‘ಹೊಟ್ಟೀಲೆ ಅದಾಳ’ ಎನ್ನುವುದೇ ಮರ್ಯಾದೆಯ ಮಾತು. ಸೂಲು ಎಂಬ ಶಬ್ದಕ್ಕೂ ತಮಿಳಿನಲ್ಲಿ ‘ಚೂಲ್’ ಎಂಬ ಜ್ಞಾತಿ ಉಂಟು. ಕನ್ನಡದಲ್ಲಿ ಅದು ದನದ ಕೊಟ್ಟಿಗೆಯಲ್ಲೂ ಸೂಲಗಿತ್ತಿ ಎಂಬ ಸಮಾಸದಲ್ಲೂ ಬದುಕಿದೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪಟ್ಟಣದ ಹುಡುಗರಿಗೆ ಆ ಶಬ್ದದ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಯಿತು.

ಒಂದೇ ಹೊಟ್ಟೆಯಲ್ಲಿ ಇಷ್ಟನ್ನೆಲ್ಲ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಶಾಲೆಗೆ ಹೋಗುವ ಮಗನನ್ನು ದುಭಾಷಿಯಾಗಿ ಕರೆದುಕೊಂಡು ದವಾಖಾನೆಗೆ ಹೋಗುತ್ತಿದ್ದಳು. ಆಕೆಯ ತ್ರಾಸ ‘ಬಿಳಿ ಹೋಗೋದು’, ನಡುನಡುವೆ ಕೆಂಪು. ಮಗನ ಎದುರು ಅದನ್ನು ಆಡುವುದು ಹೇಗೆ? “ಹೊಟ್ಟಿ ನೋಯ್ತೈತಿ ಅಂತ ಹೇಳಪಾ” ಎಂದಳು. ಹುಡುಗ ಹಿಂದಿಯಲ್ಲಿ ‘ಪೇಟ್ ಮೇ ದರ್ದ್’ ಎಂದ. ವೈದ್ಯರು ಆಮ್ಲಪಿತ್ತದ ಗುಳಿಗೆ ಕೊಟ್ಟರು. ಹೀಗೆ ಏಳು ತಿಂಗಳು. ರೋಗ ಗರ್ಭದ ಬಾಯಿಯಲ್ಲಿತ್ತು. ತಿಳಿಯುವ ಹೊತ್ತಿಗೆ ಹೊತ್ತು ಮೀರಿತ್ತು. ಇದರಲ್ಲಿ ವೈದ್ಯರ ತಪ್ಪೆಷ್ಟು, ನಾಚಿಕೆಯ ಪಾಲೆಷ್ಟು ಎಂದು ತೂಗುವವನು ನಾನಲ್ಲ. ಶಬ್ದದ ಪಾಲು ಇತ್ತು ಎಂಬುದರಲ್ಲಿ ಸಂಶಯವಿಲ್ಲ.

ಆಕೆಗೆ ಬೇರೆ ಶಬ್ದ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಹೊರಗಿನ ಅಂಗಕ್ಕೆ ಎರಡಕ್ಷರದ ದೇಸಿ ಹೆಸರೊಂದು ಎಲ್ಲರಿಗೂ ಗೊತ್ತು. ಬಂದರದ ದಾರಿಯಲ್ಲಿ ದಿನಕ್ಕೆ ನೂರು ಸಲ ಗಂಡಸರ ಬಾಯಲ್ಲಿ ಬೈಗುಳವಾಗಿ ಅದು ಕೇಳುತ್ತದೆ. ಹೆಣ್ಣು ತನ್ನ ಮೈಯ ಬಗ್ಗೆ ಹೇಳಿಕೊಳ್ಳುವಾಗ ಮಾತ್ರ ಕೇಳುವುದಿಲ್ಲ. ಆಗ ‘ಅಲ್ಲೆ’, ‘ಕೆಳಗ’, ‘ಆ ಜಾಗಾ’ ಎನ್ನುತ್ತಾಳೆ. ವಿದ್ವಾಂಸರ ಈ ಸಂಪುಟದಲ್ಲಿ ಆ ಎರಡಕ್ಷರ ಬರೆಯಲು ನನ್ನ ಕೈಯೂ ಏಳುತ್ತಿಲ್ಲ; ಇದನ್ನೂ ಒಂದು ಸಾಮಗ್ರಿಯೆಂದೇ ಎಣಿಸಿಕೊಳ್ಳಿ. ಸಂಸ್ಕೃತದಲ್ಲಿ ಈ ಗತಿ ಇರಲಿಲ್ಲ. ಋಗ್ವೇದದಲ್ಲಿ ಯೋನಿ ಎಂದರೆ ನೆಲೆ, ಮನೆ, ಅಗ್ನಿಯ ಪೀಠ. ವೇದಾಂತಸೂತ್ರಗಳಲ್ಲಿ ಬ್ರಹ್ಮದ ವಿಚಾರಕ್ಕೂ ಆ ಶಬ್ದ ಬರುತ್ತದೆ. ಭಗ ಶಬ್ದದಿಂದಲೇ ಭಗವಂತ ಆದ, ಭಗಂದರವೆಂಬ ಹುಣ್ಣಿಗೂ ಅದರಿಂದಲೇ ಹೆಸರಾಯಿತು. ಚರಕನ ಚಿಕಿತ್ಸಾಸ್ಥಾನ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಸಂಕೋಚವಿಲ್ಲದೆ ವಿವರಿಸುತ್ತದೆ. ಕನ್ನಡದಲ್ಲಿ ನಾವು ಈ ಶಬ್ದವನ್ನು ಶುದ್ಧವೆಂದು ತಂದೆವು, ಜನರಿಗೆ ತಿಳಿಯಲಿಲ್ಲ. ತಿಳಿದದ್ದನ್ನು ಬೈಗುಳಕ್ಕೆ ಬಿಟ್ಟೆವು. ನಡುವೆ ಹೆಣ್ಣಿಗೆ ಮಾತೇ ಉಳಿಯಲಿಲ್ಲ.

ಮೊಲೆಯ ಕಥೆಯೂ ಹೆಚ್ಚು ಬೇರೆಯಲ್ಲ. ತಮಿಳಿನ ಮುಲೈ, ಮಲೆಯಾಳದ ಮುಲ ಇದರ ಬಂಧುಗಳು. ಹಳೆಯ ಕವಿಗಳೂ ವಚನಕಾರರೂ ಈ ಶಬ್ದಕ್ಕೆ ಅಂಜಿದವರಲ್ಲ. ಇಂದು ಗೋಡೆಯ ಮೇಲಿನ ಸರಕಾರಿ ಬರಹದಲ್ಲಿ ಅದು ‘ಎದೆಹಾಲು’. ಸಡಾದ ಬಾಣಂತಿ ಮಾತ್ರ ‘ಕೂಸಿಗೆ ಮೊಲಿ ಉಣಸಾಕತ್ತೀನಿ’ ಎಂದು ನಿಶ್ಚಿಂತೆಯಿಂದ ಹೇಳುತ್ತಾಳೆ. ಕೂಸು ಇದ್ದಾಗ ಶಬ್ದಕ್ಕೆ ಮೈಲಿಗೆಯಿಲ್ಲ, ಗಂಟು ಕಂಡಾಗ ಇದೆ. ಮುಟ್ಟಿಗೆ ಅಂಗದ ಹೆಸರೂ ಇಲ್ಲ, ರಕ್ತದ ಹೆಸರೂ ಇಲ್ಲ. ‘ಮುಟ್ಟು’, ‘ಹೊರಗ ಕುಂತಾಳ’ ಎಂಬವು ಆಚಾರದಿಂದ ಬಂದವು. ಮರಾಠಿಯವರು ‘ಪಾಳಿ’ ಎಂದು ಸರದಿಯನ್ನು ಹೇಳುತ್ತಾರೆ, ಸಂಸ್ಕೃತ ‘ಋತು’ ಎಂದು ಕಾಲವನ್ನು. ಕಿರಿಯ ಹುಡುಗಿಯರಿಗೆ ಈಗ ‘ಎಂ.ಸಿ.’, ‘ಡೇಟು’ ಸಾಕು.

ಎಲ್ಲಕ್ಕಿಂತ ನನ್ನನ್ನು ಕಾಡಿದ ಶಬ್ದ ‘ಚೀಲ’. ಗರ್ಭಕೋಶಕ್ಕೆ ಉತ್ತರ ಕರ್ನಾಟಕದ ಮಾತು ಗರ್ಭಚೀಲ, ಆಡುವಾಗ ಬರೀ ಚೀಲ. ಮರಾಠಿಯಲ್ಲೂ ‘ಪಿಶವೀ’ ಎಂದರೆ ಅದೇ ಚೀಲ. ಗೋವೆಯಲ್ಲಿ ಇವೆರಡೂ ಭೇಟಿಯಾಗಿ ಒಂದನ್ನೊಂದು ಗಟ್ಟಿಮಾಡಿವೆ. ಸಂಸ್ಕೃತದ ಆಶಯಕ್ಕೆ ಮೂಲ ಶೀ ಧಾತು: ಮಲಗುವ ತಾಣ. ಶಯ್ಯೆಯೂ ಅದೇ ಧಾತುವಿನದು. ಸುಶ್ರುತ ದೇಹಕ್ಕೆ ಏಳು ಆಶಯಗಳನ್ನು ಹೇಳಿ, ಹೆಣ್ಣಿಗೆ ಎಂಟನೆಯದಾಗಿ ಗರ್ಭಾಶಯವನ್ನು ಎಣಿಸುತ್ತಾನೆ. ಮಲಗುವ ಮನೆ ಚೀಲವಾದಾಗ, ಖಾಲಿ ಚೀಲವನ್ನು ಇಟ್ಟುಕೊಂಡು ಏನು ಮಾಡುವುದು ಎಂಬ ಮಾತು ಸುಲಭವಾಗಿ ಬರುತ್ತದೆ. ‘ಮಕ್ಕಳಾದ್ವು, ಇನ್ನ ಚೀಲ ಯಾಕ್ರಿ, ತೆಗಿಸಿಬಿಟ್ಟೆ’ ಎಂದು ನಲವತ್ತು ದಾಟದ ಹೆಂಗಸರು ಹೇಳಿದ್ದನ್ನು ಕೇಳಿದ್ದೇನೆ. ಕಲಬುರ್ಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ಬಯಲಿಗೆ ಬಂದಾಗ ಪತ್ರಿಕೆ ಓದುತ್ತ ಈ ಮಾತೇ ನೆನಪಾಯಿತು. ಅಲ್ಲಿ ನಡೆದ ಅನ್ಯಾಯಕ್ಕೆ ಶಬ್ದವನ್ನು ಹೊಣೆ ಮಾಡುವುದು ಬಾಲಿಶ; ದುಡ್ಡು, ಬಡತನ, ಕೆಲಸ ತಪ್ಪುವ ಹೆದರಿಕೆ ಇವೇ ಕಾರಣಗಳು. ಆದರೆ ಒಪ್ಪಿಸುವವರಿಗೆ ಚೀಲವೆಂಬ ಮಾತು ಅನುಕೂಲವಾಗಿಯೇ ಒದಗುತ್ತದೆ.

ಚೀಲದ ಜೊತೆಗೆ ಇನ್ನೇನು ಹೋಯಿತು ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ, ಏಕೆಂದರೆ ಅಂಡಾಶಯಕ್ಕೆ ಆಡುಮಾತಿನಲ್ಲಿ ಹೆಸರೇ ಇಲ್ಲ. ಚರಕ ಸುಶ್ರುತರಲ್ಲೂ ಅದಕ್ಕೆ ಸ್ಪಷ್ಟವಾಗಿ ಬೇರ್ಪಡಿಸಿದ ಹೆಸರಿಲ್ಲ. ಅಂಡ ಶಬ್ದ ಅಲ್ಲಿ ಗಂಡಸಿನ ವೃಷಣಕ್ಕೆ. ಯುರೋಪಿನವರೂ ಬಹುಕಾಲ ‘ಹೆಣ್ಣಿನ ವೃಷಣ’ ಎಂದೇ ಕರೆಯುತ್ತಿದ್ದರು. ಡಚ್ ವೈದ್ಯ ದಿ ಗ್ರಾಫ್ 1672ರ ತನ್ನ ಗ್ರಂಥದಲ್ಲಿ ಅದರ ಕೆಲಸವನ್ನು ವಿವರಿಸಿದ ಮೇಲೆ ಹೊಸ ಹೆಸರು ನೆಲೆಯೂರಿತು. ಇನ್ನು ಅಮರಸಿಂಹ ಗರ್ಭಾಶಯವನ್ನೂ ಜರಾಯುವನ್ನೂ ಒಂದೇ ಸಾಲಿನಲ್ಲಿ ಪರ್ಯಾಯಗಳಾಗಿ ಕೊಡುತ್ತಾನೆ. ಒಂದು ಅಂಗ, ಇನ್ನೊಂದು ಕೂಸನ್ನು ಸುತ್ತಿದ ಪೊರೆ. ಅಮರವನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ ನಾನು ಈ ಭೇದವನ್ನು ಒಮ್ಮೆಯೂ ತರಗತಿಯಲ್ಲಿ ಹೇಳಲಿಲ್ಲ. ಸಡಾದ ಹೆಂಗಸರು ಎರಡನ್ನೂ ಬೆರೆಸುವುದಿಲ್ಲ: ಚೀಲ ಬೇರೆ, ಹೆರಿಗೆಯಾದ ಮೇಲೆ ಬೀಳುವ ‘ಮಾಸ’ ಅಥವಾ ‘ಕಸ’ ಬೇರೆ.

ಎರಡನೆಯ ಶಿಬಿರಕ್ಕೆ ಹಾಳೆಯನ್ನು ಹೊಸದಾಗಿ ಬರೆದೆ. ಗ್ರೀವಾ ಹೋಯಿತು, ಗರ್ಭದ ಬಾಯಿ ಬಂತು. ಯೋನಿಸ್ರಾವದ ಬದಲು ಬಿಳಿ ಹೋಗುವುದು. ಅಂಡಾಶಯವನ್ನು ‘ಗರ್ಭಚೀಲದ ಎರಡೂ ಮಗ್ಗಲಿಗೆ ಇರುವ ತತ್ತಿಯ ಗಂಟು’ ಎಂದು ಬರೆದು ಅದೇ ವಯಸ್ಸಾದ ತಾಯಿಗೆ ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಗಂಟ ಅನಬ್ಯಾಡ್ರಿ ಅಜ್ಜಾರ, ಗಂಟಂದ್ರ ರೋಗ ಅಂತ ತಿಳ್ಕೋತಾರ. ತತ್ತಿ ಮನಿ ಅನ್ರಿ” ಎಂದಳು. ಹಾಗೆಯೇ ತಿದ್ದಿದ್ದೇನೆ.