ಕೊರಳ ಸರದಂಥ ಒಂದು ಸಂಖ್ಯೆ

"ಹುಡುಗಿಯರಿಗೆ ಲೆಕ್ಕ ಯಾಕೆ?" ಎಂಬ ಮಾತು ಕೇಳಿಕೊಂಡೇ ಬೆಳೆದವಳು ನಾನು. ಕಲಾ ವಿಭಾಗ ಸೇರಿದೆ, ಬಿ.ಎ., ಬಿ.ಎಡ್. ಮುಗಿಸಿ ಮೈಸೂರಿನ ಶಾಲೆಯೊಂದರಲ್ಲಿ ಸಮಾಜ ಪಾಠಕ್ಕೆ ನಿಂತೆ. ಲೆಕ್ಕದ ಮೇಷ್ಟರು ರಜೆ ಹಾಕಿ ಅವರ ತರಗತಿ ನನ್ನ ಪಾಲಿಗೆ ಬಂದರೆ ಇಂದಿಗೂ ಎದೆ ಡವಡವ.

ಅಂಥದೊಂದು ದಿನ ನನಗೆ ಗೊತ್ತಿದ್ದ ಇತಿಹಾಸದ ಬಾಗಿಲಿನಿಂದಲೇ ಒಳಹೊಕ್ಕೆ. ಅಮೋಘವರ್ಷ ನೃಪತುಂಗ ಎಂದರೆ ನಮಗೆಲ್ಲ 'ಕವಿರಾಜಮಾರ್ಗ' ನೆನಪಾಗುತ್ತದೆ. ಮಾನ್ಯಖೇಟದಿಂದ ಆಳಿದ ಈ ರಾಷ್ಟ್ರಕೂಟ ದೊರೆಯ ಕಾಲದಲ್ಲೇ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಸಂಗೀತ, ನಾಟಕ, ವೈದ್ಯ, ಕೊನೆಗೆ ಅಡುಗೆಗೂ ಗಣಿತ ಬೇಕೆಂದು ಅವನು ಹೇಳುತ್ತಾನೆ. ಅಳತೆ ತಪ್ಪಿದರೆ ಹುಳಿ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ!

ಆ ಪುಸ್ತಕದಲ್ಲಿ ಬರುವ ಒಂದು ಸಂಖ್ಯೆಯನ್ನು ಹಲಗೆಯ ಮೇಲೆ ಬರೆದೆ: 12345654321. ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವಂಥದ್ದು ಎಂದು ಮಹಾವೀರ ಅದನ್ನು ಬಣ್ಣಿಸುತ್ತಾನೆ. 27994681ನ್ನು 441ರಿಂದ ಗುಣಿಸಿದರೆ ಇದೇ ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಕೆಲವು ಗುಣಲಬ್ಧಗಳನ್ನು ಅವನು ರಾಜನ ಕಂಠಾಭರಣಕ್ಕೆ ಹೋಲಿಸಿದ್ದಾನೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮಿಸ್, ಇದು ರಂಗೋಲಿ. ಒಂದು ಚುಕ್ಕಿಯಿಂದ ಆರಕ್ಕೆ ಹೋಗಿ ಮತ್ತೆ ಒಂದಕ್ಕೆ. ಒಟ್ಟು 36 ಚುಕ್ಕಿ." ಕೂಡಿ ನೋಡಿದೆ, ಅಂಕಿಗಳ ಮೊತ್ತವೂ 36, ಆರಾರಲ ಮೂವತ್ತಾರು! ಆಮೇಲೆ ಅವಳೇ 111111ನ್ನು 111111ರಿಂದ ಗುಣಿಸಿದಳು. ಆರು ಸಾಲು, ಒಂದೊಂದೂ ಒಂದೊಂದು ಮನೆ ಎಡಕ್ಕೆ. ಕೂಡಿದರೆ ಅದೇ ಸಂಖ್ಯೆ. ಒಂಬತ್ತು ಒಂದುಗಳವರೆಗೆ ಈ ಸೊಗಸು ಹೀಗೆಯೇ ನಡೆಯುತ್ತದೆ. ಹತ್ತಕ್ಕೆ ದಶಕ ಏರಿ ಕೆಡುತ್ತದೆ. ಅದನ್ನೂ ಅವಳೇ ಕಂಡುಕೊಂಡಳು.

ನಾನು ಚಪ್ಪಾಳೆ ತಟ್ಟಿದೆ, ಆದರೆ ಒಳಗೊಳಗೇ ಕುಗ್ಗಿದೆ. ಹಿಂದಿನ ವಾರವಷ್ಟೇ ಅವಳ ತಾಯಿ ಬಂದು, ಮುಂದೇನು ಓದಿಸಲಿ ಎಂದು ಕೇಳಿದಾಗ, "ಆರ್ಟ್ಸ್ ಸಾಕು, ಲೆಕ್ಕ ಅವಳಿಗೆ ಕಷ್ಟ" ಎಂದಿದ್ದವಳು ನಾನೇ. ಮಗುವನ್ನು ಒಂದು ಮಾತೂ ಕೇಳಿರಲಿಲ್ಲ. ನನಗೆ ಹೇಳಿದ್ದನ್ನೇ ಅವಳಿಗೂ ದಾಟಿಸಿದ್ದೆ.

'ಗಣಿತಸಾರಸಂಗ್ರಹ'ವನ್ನು ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಅದು ಕನ್ನಡ ಅನುವಾದದೊಡನೆಯೂ ಬಂತು. ಹಾಗೆ ತಂದವರು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು. ಸಾವಿರದ ನೂರೈವತ್ತು ವರ್ಷ ಹಿಂದೆ ರಾಜನ ಕೊರಳಿಗೆಂದು ಪೋಣಿಸಿದ ಸರವನ್ನು ನಮ್ಮ ಕೈಗೆ ಕೊಟ್ಟದ್ದು ಹೆಣ್ಣಿನ ಕೈ.

ಮರುದಿನ ಆ ತಾಯಿಯನ್ನು ಕರೆಸಿದೆ. "ಹೋದ ವಾರ ನಾನು ಹೇಳಿದ್ದು ತಪ್ಪು. ಮೊದಲು ಅವಳನ್ನು ಕೇಳಿ," ಎಂದೆ.