ಒತ್ತಡದ ಹಾರ್ಮೋನುಗಳು ಮತ್ತು ಹೃದಯ

ಭಯ, ಆತಂಕಗಳ ಸಂದರ್ಭದಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಹಾರ್ಮೋನುಗಳನ್ನು ಸ್ರವಿಸುತ್ತವೆ. ಅಡ್ರಿನಲಿನ್ ಹೃದಯದ ಬೀಟಾ ಗ್ರಾಹಕಗಳ ಮೂಲಕ ಬಡಿತದ ವೇಗವನ್ನೂ ಸಂಕೋಚನದ ಬಲವನ್ನೂ ಹೆಚ್ಚಿಸುತ್ತದೆ. ಕಾರ್ಟಿಸೋಲ್ ದೀರ್ಘಕಾಲ ಅಧಿಕವಾಗಿದ್ದಲ್ಲಿ ರಕ್ತದೊತ್ತಡ ಏರುತ್ತದೆ.

ವಯಸ್ಸಾದಂತೆ ಬೀಟಾ ಗ್ರಾಹಕಗಳ ಸ್ಪಂದನೆ ಕುಗ್ಗುವುದರಿಂದ, ಶ್ರಮಪಟ್ಟಾಗ ಹೃದಯವು ಯೌವನದಲ್ಲಿದ್ದಷ್ಟು ವೇಗವಾಗಿ ಬಡಿಯಲಾರದು. ಹೃದಯ ವೈಫಲ್ಯದಲ್ಲಿ ಅಡ್ರಿನಲಿನ್ ಗುಂಪಿನ ಹಾರ್ಮೋನುಗಳು ಹೆಚ್ಚಿ, ದುರ್ಬಲ ಹೃದಯವನ್ನು ಇನ್ನಷ್ಟು ದಣಿಸುತ್ತವೆ. ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಔಷಧಗಳು ಈ ದುಷ್ಪರಿಣಾಮವನ್ನು ತಗ್ಗಿಸುತ್ತವೆ.

ಇವನ್ನು ಸೇವಿಸುತ್ತಿರುವವರು ಗುಣವಾಯಿತೆಂದು ಭಾವಿಸಿ ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದಲ್ಲಿ ಎದೆನೋವು ಉಲ್ಬಣಿಸಬಹುದು, ಹೃದಯಾಘಾತವೂ ಸಂಭವಿಸಬಹುದು. ನಿಲ್ಲಿಸಬೇಕಾದ ಸಂದರ್ಭದಲ್ಲಿ ವೈದ್ಯರ ಸಲಹೆಯಂತೆ ಔಷಧದ ಪ್ರಮಾಣವನ್ನು ಹಂತಹಂತವಾಗಿ ಕಡಿಮೆ ಮಾಡತಕ್ಕದ್ದು.