ತೀವ್ರ ನಿಗಾ ಘಟಕದ ಸಾವು ಮತ್ತು ಬಂಧುಗಳ ಆಸರೆ: ಫ್ರೆಂಚ್ ಅಧ್ಯಯನಗಳಿಂದ ಕರ್ನಾಟಕದ ಪ್ರಶ್ನೆಗಳತ್ತ

ತೀವ್ರ ನಿಗಾ ಘಟಕದಲ್ಲಿ ಸಾಯುತ್ತಿರುವ ರೋಗಿಯ ರಕ್ತದೊತ್ತಡ, ಉಸಿರಾಟ, ಆಮ್ಲಜನಕದ ಮಟ್ಟ ಎಲ್ಲವೂ ಕ್ಷಣಕ್ಷಣಕ್ಕೂ ದಾಖಲಾಗುತ್ತವೆ. ಬಾಗಿಲ ಹೊರಗೆ ಕಾದು ಕುಳಿತವರ ಪಾಡನ್ನು ದಾಖಲಿಸುವ ಕೆಲಸ ಬಹಳ ತಡವಾಗಿ ಶುರುವಾಯಿತು. ಅದನ್ನು ಪಟ್ಟುಹಿಡಿದು ಮಾಡಿದವರಲ್ಲಿ ಫ್ರಾನ್ಸಿನ ಸಂಶೋಧಕರು ಮುಖ್ಯರು. ಎಲಿ ಅಜುಲೇ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ 21 ಘಟಕಗಳ 284 ಬಂಧುಗಳನ್ನು ಒಳಗೊಂಡಿತ್ತು. ತೊಂಬತ್ತು ದಿನಗಳ ನಂತರ ವಿಚಾರಿಸಿದಾಗ ಮೂವರಲ್ಲಿ ಒಬ್ಬರಿಗೆ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು. ರೋಗಿ ಘಟಕದಲ್ಲೇ ತೀರಿಕೊಂಡಿದ್ದರೆ ಆ ಪ್ರಮಾಣ ಶೇ. 50, ಅಂತ್ಯಕಾಲದ ತೀರ್ಮಾನಗಳಲ್ಲಿ ತಾವೂ ಭಾಗಿಯಾದವರಲ್ಲಿ ಶೇ. 81.8.

ಈ ಕೊನೆಯ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ತೀರ್ಮಾನದಲ್ಲಿ ಪಾಲುಗೊಂಡದ್ದೇ ನೋವಿಗೆ ಕಾರಣ ಎಂದು ಅದು ಸಾಬೀತು ಮಾಡುವುದಿಲ್ಲ. ಬಂಧುಗಳನ್ನು ತೀರ್ಮಾನದಿಂದ ದೂರವಿಡಬೇಕು ಎಂದಂತೂ ಅಲ್ಲ. ತೀರ್ಮಾನದ ಹೊರೆಯನ್ನು ಅವರ ಹೆಗಲಿಗೆ ಹೇಗೆ ಏರಿಸಲಾಯಿತು, ಯಾರು ಜೊತೆಗೆ ಹೊತ್ತರು ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಮುಂದಿನ ಪ್ರಯೋಗಗಳನ್ನು ನಾನು ಓದುವುದು ಈ ಪ್ರಶ್ನೆಯ ಬೆಳಕಿನಲ್ಲಿಯೇ.

ಫ್ರಾನ್ಸಿನ 22 ಘಟಕಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿನ ಕುಟುಂಬಗಳೊಂದಿಗೆ ವೈದ್ಯರು ನಿರ್ದಿಷ್ಟ ಕ್ರಮದಲ್ಲಿ ಸಮಾಲೋಚಿಸಿದರು: ಬಂಧುಗಳ ಮಾತಿಗೆ ಬೆಲೆ ಕೊಡುವುದು, ಅವರ ದುಃಖವನ್ನು ಗುರುತಿಸಿ ಹೇಳುವುದು, ಕೇಳಿಸಿಕೊಳ್ಳುವುದು, ರೋಗಿ ಎಂಥ ವ್ಯಕ್ತಿಯಾಗಿದ್ದರೆಂದು ವಿಚಾರಿಸುವುದು, ಪ್ರಶ್ನೆಗಳಿಗೆ ಎಡೆ ಮಾಡಿಕೊಡುವುದು. ಶೋಕದ ಕುರಿತ ಕಿರುಪುಸ್ತಿಕೆಯನ್ನೂ ಕೊಟ್ಟರು. ಸಮಾಲೋಚನೆಯ ಮಧ್ಯಕ ಅವಧಿ 20 ನಿಮಿಷದಿಂದ 30ಕ್ಕೆ ಏರಿತು. ಆದರೆ ಬಂಧುಗಳು ಮಾತನಾಡಿದ ಸಮಯ 5 ನಿಮಿಷದಿಂದ 14ಕ್ಕೆ ಏರಿತು. ಹೆಚ್ಚಿದ ಹತ್ತು ನಿಮಿಷದಲ್ಲಿ ಬಹುಪಾಲು ಸಂದದ್ದು ಬಂಧುಗಳಿಗೇ. ತೊಂಬತ್ತು ದಿನಗಳ ನಂತರ ಆಘಾತೋತ್ತರ ಲಕ್ಷಣಗಳು ಈ ಗುಂಪಿನಲ್ಲಿ ಶೇ. 45, ಎಂದಿನಂತೆ ನಡೆದ ಗುಂಪಿನಲ್ಲಿ ಶೇ. 69.

ಹಾಗೆಂದು ಒಳ್ಳೆಯ ಉದ್ದೇಶದ ಯಾವ ಮಾತಾದರೂ ನಡೆದೀತೆ? ಇಲ್ಲ. ನ್ಯಾನ್ಸಿ ಕೆಂಟಿಶ್-ಬಾರ್ನ್ಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾವಿನ ನಂತರ ಘಟಕದ ವೈದ್ಯರು ಮತ್ತು ದಾದಿಯರು ಬಂಧುಗಳಿಗೆ ಕೈಬರಹದ ಸಂತಾಪ ಪತ್ರ ಕಳುಹಿಸಿದರು. ಆರು ತಿಂಗಳ ನಂತರ ಪತ್ರ ಪಡೆದವರಲ್ಲೇ ಖಿನ್ನತೆಯ ಮತ್ತು ಆಘಾತೋತ್ತರ ಒತ್ತಡದ ಲಕ್ಷಣಗಳು ಹೆಚ್ಚಾಗಿದ್ದವು. ಬಹುಶಃ ಪತ್ರ ಹಳೆಯ ಗಾಯವನ್ನು ಕೆದಕಿತು, ಆದರೆ ಎದುರಿಗೆ ಕುಳಿತು ಅಳಲಿಕ್ಕೆ, ಪ್ರಶ್ನೆ ಕೇಳಲಿಕ್ಕೆ ಯಾರೂ ಇರಲಿಲ್ಲ. ಇದು ನನ್ನ ಊಹೆ. ಆದರೆ ಅದೇ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗ ಈ ಊಹೆಗೆ ಇಂಬು ಕೊಡುತ್ತದೆ. ಅದರಲ್ಲಿ 34 ಘಟಕಗಳಲ್ಲಿ ಮೂರು ಹಂತಗಳ ಭೇಟಿಯನ್ನು ಪರೀಕ್ಷಿಸಿದರು: ಸಾವಿಗೆ ಮುನ್ನ ಸಮಾಲೋಚನೆ, ರೋಗಿ ಸಾಯುತ್ತಿರುವಾಗ ವೈದ್ಯರೂ ದಾದಿಯೂ ಕೋಣೆಗೇ ಬಂದು ಬಂಧುಗಳಿಗೆ ಒತ್ತಾಸೆಯಾಗುವುದು, ಸಾವಿನ ನಂತರ ಮತ್ತೊಂದು ಭೇಟಿ. ಆರು ತಿಂಗಳ ನಂತರ ದೀರ್ಘಕಾಲಿಕ ಶೋಕದ ಪ್ರಮಾಣ ಎಂದಿನಂತೆ ನಡೆದ ಗುಂಪಿನ ಶೇ. 21ರ ಬದಲು ಶೇ. 15ರಷ್ಟಿತ್ತು.

ನನಗೆ ಬಹಳ ಮುಖ್ಯವೆನಿಸುವುದು ನಡುವಿನ ಹಂತ. ಸಾಯುವವರ ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ, ಉಸಿರಿನ ನಡುವಿನ ಬಿಡುವು ಉದ್ದವಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಅಪ್ಪನಿಗೆ ಉಸಿರು ಕಟ್ಟಿ ಸಂಕಟವಾಗುತ್ತಿದೆಯೆಂದು ಮಗಳು ತಿಳಿದರೆ ಆ ಸದ್ದು ವರ್ಷಗಟ್ಟಲೆ ಅವಳ ಕಿವಿಯಲ್ಲಿ ಉಳಿದೀತು. ‘ಈ ಸದ್ದು ಬರುವುದು ಸಹಜ, ಅವರಿಗೆ ನೋವಾಗದಂತೆ ಔಷಧಿ ಕೊಟ್ಟಿದ್ದೇವೆ, ಕೈ ಹಿಡಿದುಕೊಳ್ಳಿ’ ಎಂದು ಹೇಳುವವರು ಆ ಹೊತ್ತಿನಲ್ಲಿ ಪಕ್ಕದಲ್ಲಿರಬೇಕು.

ಕರ್ನಾಟಕದ ಸ್ಥಿತಿ ಬೇರೆ. ಆಶೆಯಿಲ್ಲ ಎಂದಾಗ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಸಹಿ ಹಾಕಿಸಿಕೊಂಡು ರೋಗಿಯನ್ನು ಮನೆಗೆ ಕಳುಹಿಸುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಸ್ವಂತ ಮನೆಯಲ್ಲಿ ಪ್ರಾಣ ಬಿಡಲಿ ಎಂಬ ಹಂಬಲ ಇದರಲ್ಲಿದೆ. ಬಿಲ್ಲಿನ ಭಯವೂ ಇದೆ. ಆದರೆ ಆ ಕಾಗದದ ಪ್ರಕಾರ ಚಿಕಿತ್ಸೆ ಬೇಡವೆಂದವರು ಮನೆಯವರು ಮಾತ್ರ. ಮುಂದೆ ನೆಂಟರು ‘ಇನ್ನೆರಡು ದಿನ ಇಡಬಹುದಿತ್ತು’ ಎಂದಾಗ ಉತ್ತರಿಸಬೇಕಾದವರೂ ಅವರೇ.

ಸುಪ್ರೀಂ ಕೋರ್ಟ್ ಚಿಕಿತ್ಸೆ ನಿಲ್ಲಿಸುವ ಕುರಿತ 2018ರ ಕಾಮನ್ ಕಾಸ್ ತೀರ್ಪಿನ ಕ್ರಮವನ್ನು 2023ರಲ್ಲಿ ಸರಳಗೊಳಿಸಿತು. ಅದರಂತೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಅಭಿಪ್ರಾಯ ಎರಡು ವೈದ್ಯಕೀಯ ಮಂಡಳಿಗಳ ಮೂಲಕ ಹಾದುಬರಬೇಕು. ಕುಟುಂಬದ ಒಪ್ಪಿಗೆಯೂ ಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ಇದು ದೊಡ್ಡ ಹೆಜ್ಜೆ. ವೈದ್ಯರು ಮೊದಲು ತಮ್ಮ ಶಿಫಾರಸನ್ನು ತಾವೇ ಬಾಯಿಬಿಟ್ಟು ಹೇಳಿ, ಬಳಿಕ ಒಪ್ಪಿಗೆ ಕೇಳಿದರೆ ಸಹಿಯ ಭಾರ ಹಂಚಿಹೋಗುತ್ತದೆ. ಫಾರಂ ಮುಂದೊಡ್ಡಿ ‘ನೀವೇ ನಿರ್ಧರಿಸಿ’ ಎಂದರೆ ಅದು ಹಳೆಯ ಸಹಿಯೇ ಆಗಿ ಉಳಿಯುತ್ತದೆ.

ಮನೆಯಲ್ಲಿ ಪ್ರಾಣ ಬಿಡುವವರಿಗೆ ಸಿಗುವುದರಲ್ಲಿ ಕೆಲವನ್ನಾದರೂ ಘಟಕದೊಳಗೆ ತರಲು ಸಾಧ್ಯ. ಬಾಯಲ್ಲಿ ನಳಿಕೆಯಿದ್ದರೂ ತುಳಸಿ ನೀರಿನಲ್ಲಿ ಅದ್ದಿದ ಹತ್ತಿಯಿಂದ ತುಟಿ ಒದ್ದೆ ಮಾಡಬಹುದು. ಹಣೆಗೆ ವಿಭೂತಿ ಹಚ್ಚಬಹುದು. ಕಿವಿಯ ಬಳಿ ಕಲಿಮಾ ಹೇಳಬಹುದು. ಮಾನಿಟರಿನ ಅಲಾರಂ ಆರಿಸಿ, ಭೇಟಿಯ ವೇಳೆಯ ನಿಯಮ ಸಡಿಲಿಸಿದರೆ ಸಾಕು.

ಸಾವಿನ ನಂತರದ ಭೇಟಿ ಇಲ್ಲಿ ಕಷ್ಟ. ಶವ ಕೈಗೆ ಸಿಕ್ಕೊಡನೆ ಕುಟುಂಬ ದೂರದ ಊರಿಗೆ ಹೊರಡುತ್ತದೆ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ, ರೋಗಿಯನ್ನು ನೋಡಿಕೊಂಡ ವೈದ್ಯರೋ ದಾದಿಯೋ ಮಾಡುವ ಫೋನ್ ಕರೆ ಆ ಭೇಟಿಯ ಬದಲಿಗೆ ನಿಂತೀತೇ, ಅಥವಾ ಫ್ರಾನ್ಸಿನ ಪತ್ರದಂತೆ ನೋವನ್ನೇ ಹೆಚ್ಚಿಸೀತೇ ಎಂಬುದನ್ನು ನಮ್ಮ ವೈದ್ಯಕೀಯ ಕಾಲೇಜುಗಳು ಪ್ರಯೋಗಕ್ಕೆ ಒಡ್ಡಬೇಕು. ಜೊತೆಗೆ ಸಹಿ ಹಾಕಿದವರನ್ನೂ ಹಾಕದ ಉಳಿದ ಬಂಧುಗಳನ್ನೂ ಆರು ತಿಂಗಳ ನಂತರ ಪ್ರತ್ಯೇಕವಾಗಿ ವಿಚಾರಿಸಬೇಕು.